ಸೈಡ್ ಪ್ರಾಜೆಕ್ಟ್‌ನ ಮೊದಲ ಪಾಪ್ ಪಂಕ್ ರೆಕಾರ್ಡ್: ಶುರು ಮಾಡುವುದು ಹೇಗೆ, ಮುಗಿಸುವುದು ಹೇಗೆ

ನಿಮಗೆ ಈಗಾಗಲೇ ಒಂದು ಬ್ಯಾಂಡ್ ಇದೆ. ಅದು ಮೆಟಲ್ ಇರಬಹುದು, ಗಂಭೀರವಾದ ಇಂಡೀ ಇರಬಹುದು, ಹತ್ತು ನಿಮಿಷದ ಹಾಡುಗಳ ಪ್ರೋಗ್ರೆಸಿವ್ ರಾಕ್ ಇರಬಹುದು. ಪ್ರಾಕ್ಟೀಸ್ ಮಧ್ಯೆ ಬಿಡುವು ಸಿಕ್ಕಾಗ ಡ್ರಮ್ಮರ್ ಸುಮ್ನೆ ಒಂದು ವೇಗದ ಬೀಟ್ ಹೊಡೆಯುತ್ತಾರೆ, ನೀವು ಅದರ ಮೇಲೆ ಮೂರು ಗಿಟಾರ್ ಕಾರ್ಡ್ ಬಾರಿಸುತ್ತೀರಿ, ಇನ್ನೊಬ್ಬರು ಚಾರ್ಜರ್ ಕಳೆದುಹೋದ ದುಃಖವನ್ನು ಗಂಟಲು ಹರಿಯುವಂತೆ ಹಾಡುತ್ತಾರೆ, ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ. ಪಾಪ್ ಪಂಕ್ (ಪಂಕ್ ರಾಕ್‌ನ ವೇಗ, ಗಲಾಟೆಗೆ ಬಾಯಿಗೆ ಅಂಟುವ ಟ್ಯೂನ್ ಸೇರಿಸಿದ ಶೈಲಿ) ಸೈಡ್ ಪ್ರಾಜೆಕ್ಟ್‌ಗಳು, ಅಂದರೆ ಮುಖ್ಯ ಬ್ಯಾಂಡ್ ಜೊತೆಜೊತೆಗೆ ನಡೆಸುವ ಇನ್ನೊಂದು ಬ್ಯಾಂಡ್, ಹುಟ್ಟುವುದು ಹೀಗೆಯೇ. ಬಹಳಷ್ಟು ಸಾಯುವುದೂ ಅದೇ ಕೋಣೆಯಲ್ಲಿ, ಫೋನ್‌ನಲ್ಲಿ ಉಳಿದ ಒಂದು ವಾಯ್ಸ್ ಮೆಮೋ ಆಗಿ.

ತಮಾಷೆಗೆ ಮಾಡುವ ರೆಕಾರ್ಡ್‌ಗೆ ಪ್ಲ್ಯಾನ್ ಯಾಕೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಅಲ್ಲೇ ಎಡವಟ್ಟಾಗುವುದು. ನನ್ನ ಪ್ರಕಾರ ಹಗುರವಾದ ರೆಕಾರ್ಡ್‌ಗೆ ಗಂಭೀರ ರೆಕಾರ್ಡ್‌ಗಿಂತ ಜಾಸ್ತಿ ಕಟ್ಟುಪಾಡು ಬೇಕು. ಗಂಭೀರ ಹಾಡು ಒಂದು ನಿಮಿಷ ಎಳೆದರೂ ಜನ ತಾಳಿಕೊಳ್ಳುತ್ತಾರೆ. ಎಳೆದ ಜೋಕನ್ನು ಯಾರೂ ತಾಳಿಕೊಳ್ಳುವುದಿಲ್ಲ. ಕೆಳಗಿನದೆಲ್ಲ ಈ ಲೆಕ್ಕದ ಮೇಲೆಯೇ ನಿಂತಿದೆ.

ನಿಮ್ಮ ಹತ್ತಿರ ಒಂದು ಲ್ಯಾಪ್‌ಟಾಪ್, ಎರಡು ಇನ್‌ಪುಟ್ ಇರುವ ಆಡಿಯೋ ಇಂಟರ್‌ಫೇಸ್ (ಮೈಕ್, ಗಿಟಾರ್‌ಗಳನ್ನು ಲ್ಯಾಪ್‌ಟಾಪ್‌ಗೆ ಜೋಡಿಸುವ ಪೆಟ್ಟಿಗೆ), ಒಂದೆರಡು ಮೈಕ್, ಗಿಟಾರ್, ಬೇಸ್, ಮತ್ತು ವೇಗವಾಗಿ ನುಡಿಸಬಲ್ಲ ಡ್ರಮ್ಮರ್ ಇದ್ದಾರೆ ಅಂತ ಭಾವಿಸಿ ಬರೆಯುತ್ತಿದ್ದೇನೆ. ಡ್ರಮ್ಮರ್ ಇಲ್ಲದಿದ್ದರೆ ಮೊದಲು ಅವರನ್ನು ಹುಡುಕಿ, ಉಳಿದದ್ದು ಆಮೇಲೆ.

1. ಮೊದಲು ಮುಖ್ಯ ಬ್ಯಾಂಡ್‌ಗೆ ಹೇಳಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಅಮೆರಿಕದ ಪಾಪ್ ಪಂಕ್ ಬ್ಯಾಂಡ್ ಬ್ಲಿಂಕ್-182ರ ಟಾಮ್ ಡಿಲಾಂಗ್ 2002ರಲ್ಲಿ ಬಾಕ್ಸ್ ಕಾರ್ ರೇಸರ್ ಅನ್ನುವ ಸೈಡ್ ಪ್ರಾಜೆಕ್ಟ್‌ನ ರೆಕಾರ್ಡ್ ತಂದರು. ಅದೇ ಬ್ಯಾಂಡ್‌ನ ಡ್ರಮ್ಮರ್ ಟ್ರಾವಿಸ್ ಬಾರ್ಕರ್ ಅದರಲ್ಲಿದ್ದರು. ಮೂರು ಜನರ ಬ್ಯಾಂಡ್‌ನಲ್ಲಿ ಹೊರಗುಳಿದವರು ಮಾರ್ಕ್ ಹಾಪಸ್ ಒಬ್ಬರೇ. ಅದರಿಂದ ತಮಗೆ ನೋವಾಗಿತ್ತು ಅಂತ ಅವರು ಆಮೇಲೆ ಬಹಿರಂಗವಾಗಿಯೇ ಹೇಳಿದ್ದಾರೆ. 2005ರಲ್ಲಿ ಬ್ಲಿಂಕ್-182 ನಿಂತುಹೋಯಿತು. ಅದಕ್ಕೆ ಬೇರೆ ಕಾರಣಗಳೂ ಇದ್ದವು, ಆದರೆ ಈ ಗಾಯ ಆ ಕಥೆಯಲ್ಲಿ ಮತ್ತೆ ಮತ್ತೆ ಬರುತ್ತದೆ.

ಹಾಗಾಗಿ ಮೊದಲ ಹಾಡು ಬರೆಯುವ ಮುಂಚೆಯೇ ಎಲ್ಲರನ್ನೂ ಕೂರಿಸಿಕೊಂಡು ಹೇಳಿ. ಯಾರು ಇರುತ್ತಾರೆ, ಯಾಕೆ, ಎಷ್ಟು ತಿಂಗಳು, ಮುಖ್ಯ ಬ್ಯಾಂಡ್‌ನ ಶೋ ಬಂದರೆ ಯಾವುದಕ್ಕೆ ಮೊದಲ ಆದ್ಯತೆ. ಒಬ್ಬರನ್ನು ಮಾತ್ರ ಬಿಟ್ಟು ಉಳಿದವರೆಲ್ಲ ಸೇರುವ ಹಾಗಿದ್ದರೆ ಆ ಒಬ್ಬರನ್ನೂ ಏನಾದರೊಂದು ರೀತಿಯಲ್ಲಿ ಸೇರಿಸಿಕೊಳ್ಳಿ. ಕೋರಸ್‌ನಲ್ಲಿ (ಮತ್ತೆ ಮತ್ತೆ ಬರುವ ಪಲ್ಲವಿಯಲ್ಲಿ) ಕೂಗುವುದಕ್ಕಾದರೂ ಕರೆಯಿರಿ.

ಮುಖ್ಯ ಬ್ಯಾಂಡ್ ಯಾವುದಾದರೂ ಲೇಬಲ್ (ರೆಕಾರ್ಡ್ ಹೊರತರುವ ಕಂಪನಿ) ಜೊತೆ ಒಪ್ಪಂದ ಮಾಡಿಕೊಂಡಿದ್ದರೆ ಆ ಕಾಗದ ತೆಗೆದು ಓದಿ. ಸದಸ್ಯರು ಬೇರೆ ಹೆಸರಿನಲ್ಲಿ ಮಾಡುವ ರೆಕಾರ್ಡಿಂಗ್‌ಗೂ ಲೇಬಲ್‌ನ ಅನುಮತಿ ಬೇಕು ಅನ್ನುವ ಷರತ್ತು ಬಹಳ ಒಪ್ಪಂದಗಳಲ್ಲಿ ಇರುತ್ತದೆ. ಅನುಮತಿಯನ್ನು ಬರಹದಲ್ಲೇ ತೆಗೆದುಕೊಳ್ಳಿ, ಇಮೇಲ್ ಆದರೂ ಸರಿ.

ನಿಮ್ಮೊಳಗಿನ ಹಂಚಿಕೆಯನ್ನೂ ಈಗಲೇ ಮುಗಿಸಿ. ಸೈಡ್ ಪ್ರಾಜೆಕ್ಟ್‌ಗೆ ಎಲ್ಲ ಹಾಡಿಗೂ ಎಲ್ಲರಿಗೂ ಸಮಪಾಲು ಅನ್ನುವುದು ಅತ್ಯಂತ ಸುಲಭ. ಯಾವ ಸಾಲು ಯಾರು ಬರೆದರು ಅಂತ ಲೆಕ್ಕ ಹಾಕುತ್ತಾ ಕೂತರೆ ಬರುವ ದುಡ್ಡಿಗಿಂತ ಜಗಳವೇ ದೊಡ್ಡದಾಗುತ್ತದೆ. ಒಂದು ಪುಟದಲ್ಲಿ ಹಾಡಿನ ಹೆಸರು, ಬರೆದವರ ಹೆಸರು, ಪಾಲು ಎಷ್ಟು ಅಂತ ಬರೆದು ಎಲ್ಲರೂ ಸಹಿ ಮಾಡಿ. ಬ್ಯಾಂಡ್‌ನ ಹೆಸರು ಯಾರದ್ದು ಅನ್ನುವುದನ್ನೂ ಅದೇ ಪುಟಕ್ಕೆ ಸೇರಿಸಿ.

2. ಒಂದೇ ಒಂದು ನಿಯಮ ಇಟ್ಟುಕೊಳ್ಳಿ

ಚೆನ್ನಾಗಿರುವ ಸೈಡ್ ಪ್ರಾಜೆಕ್ಟ್‌ಗಳನ್ನು ಗಮನಿಸಿದರೆ ಅವುಗಳಿಗೆಲ್ಲ ಒಂದು ಸರಳ ಆಟದ ನಿಯಮ ಇರುತ್ತದೆ. ನೋಎಫ್‌ಎಕ್ಸ್, ಲ್ಯಾಗ್‌ವ್ಯಾಗನ್ ಮುಂತಾದ ಪಂಕ್ ಬ್ಯಾಂಡ್‌ಗಳವರು ಸೇರಿ 1995ರಲ್ಲಿ ಕಟ್ಟಿದ ಮಿ ಫಸ್ಟ್ ಆ್ಯಂಡ್ ದ ಗಿಮ್ಮಿ ಗಿಮ್ಮೀಸ್ ನೋಡಿ. ಸ್ವಂತ ಹಾಡು ಇಲ್ಲವೇ ಇಲ್ಲ. ಬೇರೆಯವರ ಜನಪ್ರಿಯ ಹಾಡುಗಳನ್ನು ಪಂಕ್ ವೇಗದಲ್ಲಿ ಹಾಡುವುದು, ಅಷ್ಟೇ. ಪಾಪ್ ಪಂಕ್ ಬ್ಯಾಂಡ್ ಗ್ರೀನ್ ಡೇ ಸದಸ್ಯರು 2003ರಲ್ಲಿ ಮುಖವಾಡ ಹಾಕಿಕೊಂಡು ದ ನೆಟ್‌ವರ್ಕ್ ಅಂತ ಇನ್ನೊಂದು ಬ್ಯಾಂಡ್ ಮಾಡಿ, ಅದು ನಾವಲ್ಲವೇ ಅಲ್ಲ ಅಂತ ನಾಟಕ ಆಡಿದರು. ಕೇಳುವವರಿಗೆ ಇಂಥ ಒಂದು ಸಾಲು ಸಾಕು, ಉಳಿದದ್ದು ತಾನಾಗಿಯೇ ಅರ್ಥವಾಗುತ್ತದೆ.

ನಿಮ್ಮದೂ ಹಾಗೆ ಒಂದೇ ಸಾಲಿನಲ್ಲಿ ಹೇಳುವ ಹಾಗಿರಲಿ. ಎಲ್ಲ ಹಾಡೂ ಒಂದೇ ಮನೆಯಲ್ಲಿ ಬಾಡಿಗೆಗಿರುವ ಗೆಳೆಯರ ಬಗ್ಗೆ. ಎಲ್ಲ ಹಾಡೂ ಬೆಳಗ್ಗಿನ ಅಲಾರಂನಿಂದ ರಾತ್ರಿ ನಿದ್ದೆವರೆಗಿನ ಒಂದೇ ದಿನ. ಎಲ್ಲರೂ ತಮಗೆ ಸರಿಯಾಗಿ ಬಾರದ ವಾದ್ಯ ನುಡಿಸುವುದು ಅಂತಲೂ ಕೆಲವರು ಮಾಡುತ್ತಾರೆ. ಸ್ಟೇಜ್ ಮೇಲೆ ಅದು ಮಜಾ, ರೆಕಾರ್ಡಿಂಗ್‌ನಲ್ಲಿ ಮೂರನೇ ಹಾಡಿನ ಹೊತ್ತಿಗೆ ಸಾಕಾಗಿಹೋಗುತ್ತದೆ. ಡ್ರಮ್ಸ್ ಅನ್ನು ಮಾತ್ರ ಬರುವವರ ಕೈಗೇ ಕೊಡಿ.

ಆಮೇಲೆ ಮಿತಿಗಳು. ನ್ಯೂಯಾರ್ಕ್‌ನ ಪಂಕ್ ಬ್ಯಾಂಡ್ ರೇಮೋನ್ಸ್ ತಮ್ಮ ಮೊದಲ ಆಲ್ಬಂ ಅನ್ನು 1976ರಲ್ಲಿ ಸುಮಾರು ಒಂದು ವಾರದಲ್ಲಿ, 6,400 ಡಾಲರ್ ಖರ್ಚಿನಲ್ಲಿ ಮುಗಿಸಿದರು. 14 ಹಾಡು, ಒಟ್ಟು 29 ನಿಮಿಷ. ಪಾಪ್ ಪಂಕ್‌ನ ಮೂಲ ಅಲ್ಲೇ ಇದೆ, ಅಳತೆಯೂ ಅಲ್ಲೇ ಇದೆ. ಸೈಡ್ ಪ್ರಾಜೆಕ್ಟ್‌ಗೆ ನಾನು ಹೇಳುವುದು 8ರಿಂದ 10 ಹಾಡು, 20ರಿಂದ 24 ನಿಮಿಷ, ಯಾವ ಹಾಡೂ ಎರಡೂಮುಕ್ಕಾಲು ನಿಮಿಷ ದಾಟಬಾರದು. ಬಿಡುಗಡೆಯ ತಾರೀಕನ್ನು ಈಗಲೇ ಬರೆದಿಟ್ಟುಬಿಡಿ. ನಾಲ್ಕೈದು ತಿಂಗಳು ಸಾಕು. ಅದಕ್ಕಿಂತ ದೂರ ಇಟ್ಟರೆ ಜೋಕ್ ಹಳಸುತ್ತದೆ, ಮುಖ್ಯ ಬ್ಯಾಂಡ್ ಕರೆಯುತ್ತದೆ, ಅಲ್ಲಿಗೆ ಮುಗಿಯಿತು.

ಹೆಸರಿಗೆ ಒಂದು ಸಂಜೆಗಿಂತ ಜಾಸ್ತಿ ಸಮಯ ಕೊಡಬೇಡಿ. ಆ ಹೆಸರಿನಲ್ಲಿ ಬೇರೆ ಯಾರಾದರೂ ಇದ್ದಾರಾ ಅಂತ ಸ್ಟ್ರೀಮಿಂಗ್ ಆ್ಯಪ್‌ಗಳಲ್ಲಿ ಹುಡುಕಿ. ಇದ್ದರೆ ಆ ಹೆಸರು ಬಿಟ್ಟುಬಿಡಿ, ಬಿಡದಿದ್ದರೆ ನಿಮ್ಮ ಹಾಡುಗಳು ಅವರ ಪೇಜ್‌ಗೆ ಹೋಗಿ ಕೂರುತ್ತವೆ. ಪರಿಚಯವಿಲ್ಲದವರ ಮುಂದೆ, ಫೋನ್‌ನಲ್ಲಿ, ನಾಚಿಕೆ ಇಲ್ಲದೆ ಹೇಳಲು ಬರುವ ಹೆಸರಾಗಿರಬೇಕು ಅನ್ನುವುದು ಇನ್ನೊಂದು ಪರೀಕ್ಷೆ.

3. ಹಾಡು ಬರೆಯುವುದು

ಇಲ್ಲಿ ನಿಧಾನವಾಗಿ ಹೋಗೋಣ, ಯಾಕೆಂದರೆ ರೆಕಾರ್ಡ್ ಗೆಲ್ಲುವುದೂ ಸೋಲುವುದೂ ಇಲ್ಲೇ.

ಟ್ಯೂನ್ ಮೊದಲು, ಜೋಕ್ ಆಮೇಲೆ. ಜೋಕಿಗೆ ಮೊದಲ ಸಲ ನಗು ಬರುತ್ತದೆ, ಎರಡನೇ ಸಲ ಮುಗುಳ್ನಗೆ, ಮೂರನೇ ಸಲ ಏನೂ ಇಲ್ಲ. ಹಾಡನ್ನು ಐವತ್ತನೇ ಸಲ ಕೇಳಿಸುವುದು ಟ್ಯೂನ್ ಮಾತ್ರ. ಹಾಗಾಗಿ ಕೋರಸ್ ಅನ್ನು ಪದಗಳಿಲ್ಲದೆ, ಬರೀ ಲಾಲಾಲಾ ಅಂತ ಹಾಡಿ ನೋಡಿ. ಒಂದೇ ಅಕೌಸ್ಟಿಕ್ ಗಿಟಾರ್ ಜೊತೆಗೆ. ಮಾರನೇ ದಿನ ಬೆಳಗ್ಗೆ ಅದು ತಾನಾಗಿ ಬಾಯಿಗೆ ಬಂದರೆ ಇಟ್ಟುಕೊಳ್ಳಿ. ಬರದಿದ್ದರೆ ಸಾಹಿತ್ಯ ಎಷ್ಟು ನಗಿಸಿದರೂ ಆ ಹಾಡು ಬೇಡ.

ಕಾರ್ಡ್ ವಿಷಯದಲ್ಲಿ ಹೊಸದೇನೂ ಹುಡುಕಬೇಕಿಲ್ಲ. ಜಿ, ಡಿ, ಇ ಮೈನರ್, ಸಿ ಅನ್ನುವ ನಾಲ್ಕರ ಸುತ್ತು ಈ ಶೈಲಿಯಲ್ಲಿ ಸಾವಿರ ಸಲ ಬಂದಿದೆ, ಇನ್ನೂ ಬರುತ್ತದೆ. ನಡೆಸುವುದು ಪವರ್ ಕಾರ್ಡ್. ಅದರಲ್ಲಿ ಷಡ್ಜ, ಪಂಚಮ, ಬೇಕಿದ್ದರೆ ಮೇಲಿನ ಷಡ್ಜ, ಇಷ್ಟೇ ಇರುವುದು. ಗಾಂಧಾರ ಇರುವುದಿಲ್ಲ. ಡಿಸ್ಟಾರ್ಷನ್ (ದನಿಯನ್ನು ಒರಟು ಮಾಡುವ ಎಫೆಕ್ಟ್) ಹಾಕಿದಾಗ ಗಾಂಧಾರ ಕಲಸಿ ಕೆಸರಾಗುತ್ತದೆ, ಅದನ್ನು ತೆಗೆದಿದ್ದಕ್ಕೇ ಪವರ್ ಕಾರ್ಡ್ ಅಷ್ಟು ಗಟ್ಟಿಯಾಗಿ ಕೇಳಿಸುವುದು. ಇದರಿಂದ ಒಂದು ಲಾಭ ಇದೆ. ಹಾಡು ಮೇಜರ್ ಅಥವಾ ಮೈನರ್ ಅನ್ನುವ ಬಣ್ಣವನ್ನು ಗಿಟಾರ್ ಹೇಳದೆ ಬಿಟ್ಟಿರುತ್ತದೆ, ಅದನ್ನು ಹಾಡುವ ದನಿ ಹೇಳಬಹುದು. ಕೋರಸ್‌ನ ಮುಖ್ಯ ಸ್ವರವನ್ನು ಆ ಬಿಟ್ಟಿರುವ ಗಾಂಧಾರದ ಮೇಲೆ ಕೂರಿಸಿ ನೋಡಿ. ಮೂರೇ ಕಾರ್ಡ್ ಇದ್ದರೂ ಹಾಡು ಅರಳುತ್ತದೆ.

ವೇಗ 160ರಿಂದ 190 ಬಿಪಿಎಂ (ನಿಮಿಷಕ್ಕೆ ಎಷ್ಟು ಬೀಟ್ ಅನ್ನುವ ಲೆಕ್ಕ) ನಡುವೆ ಇರಲಿ. ಒಂದು ಸಣ್ಣ ಲೆಕ್ಕ. 180 ಬಿಪಿಎಂ ಅಂದರೆ ಸೆಕೆಂಡಿಗೆ 3 ಬೀಟ್. ನಾಲ್ಕು ಬೀಟಿನ ಒಂದು ಬಾರ್‌ಗೆ 1.33 ಸೆಕೆಂಡ್. 8 ಬಾರ್ ಇಂಟ್ರೋ ಸುಮಾರು 11 ಸೆಕೆಂಡ್ ತಿನ್ನುತ್ತದೆ, ಅಂದರೆ ಅದರ ಅರ್ಧ ಸಾಕು. 4 ಬಾರ್ ಇಂಟ್ರೋ, 16 ಬಾರ್ ವರ್ಸ್ (ಚರಣ), 8 ಬಾರ್ ಪ್ರೀ ಕೋರಸ್ (ಕೋರಸ್‌ಗೆ ಕರೆದೊಯ್ಯುವ ಭಾಗ) ಇಟ್ಟರೆ ಮೊದಲ ಕೋರಸ್ 37ನೇ ಸೆಕೆಂಡಿಗೆ ಬರುತ್ತದೆ. 40 ಸೆಕೆಂಡ್ ಒಳಗೆ ಕೋರಸ್ ಬರಲೇಬೇಕು ಅಂತ ನಾನು ಹಟ ಹಿಡಿಯುತ್ತೇನೆ. ಎರಡನೇ ವರ್ಸ್ ಅನ್ನು ಅರ್ಧ ಮಾಡಿ. ಬ್ರಿಡ್ಜ್‌ನಲ್ಲಿ (ಕೊನೆಯ ಕೋರಸ್‌ಗೆ ಮುಂಚೆ ಬರುವ ಬೇರೆ ಥರದ ಭಾಗದಲ್ಲಿ) ಡ್ರಮ್ಸ್ ಅರ್ಧ ವೇಗಕ್ಕೆ ಇಳಿಯಲಿ, ಗಿಟಾರ್ ತಂತಿಗಳನ್ನು ಅಂಗೈಯಿಂದ ಅದುಮಿ ಬಾರಿಸಿ, ಆಮೇಲೆ ಕೊನೆಯ ಕೋರಸ್ ಪೂರ್ತಿ ಬಲದಲ್ಲಿ. ಎಲ್ಲರಿಗೂ ಗೊತ್ತಿರುವ ಟ್ರಿಕ್ ಇದು. ಕೆಲಸ ಮಾಡುತ್ತದೆ, ಬಳಸಿ.

ಈಗ ಸಾಹಿತ್ಯ. ಈ ಶೈಲಿಯ ನಗು ಹುಟ್ಟುವುದು ಚಿಕ್ಕ ವಿಷಯವನ್ನು ದೊಡ್ಡ ದುಃಖದಂತೆ ಹಾಡಿದಾಗ. ಮೆಸೇಜ್ ನೋಡಿಯೂ ಉತ್ತರ ಕೊಡದ ಗೆಳತಿಯ ಬಗ್ಗೆ ಬೇಕಾದಷ್ಟು ಹಾಡು ಬಂದಿವೆ. ಗುಂಪಿನ ಚಾಟ್‌ನಿಂದ ಯಾರನ್ನೂ ನೋಯಿಸದೆ ಹೊರಬರುವುದು ಹೇಗೆ ಅನ್ನುವುದರ ಬಗ್ಗೆ ಬರೆಯಿರಿ. ಮೂರು ಸಲ ಸ್ನೂಜ್ ಒತ್ತಿದ ಅಪರಾಧ ಭಾವದ ಬಗ್ಗೆ ಬರೆಯಿರಿ. ಹಾಡುವವರು ಮಾತ್ರ ಪೂರ್ತಿ ನಂಬಿ ಹಾಡಬೇಕು. ಹಾಡುವವರೇ ನಕ್ಕರೆ ಕೇಳುವವರಿಗೆ ನಗಲು ಏನೂ ಉಳಿಯುವುದಿಲ್ಲ.

ಜೋಕಿನ ಏಟು ಸಾಲಿನ ಕೊನೆಯ ಪದದಲ್ಲಿ, ಅಂತ್ಯಪ್ರಾಸ ಬೀಳುವ ಜಾಗದಲ್ಲಿ ಇರಲಿ. ಅದಾದಮೇಲೆ ಎರಡು ಬೀಟ್ ದನಿ ಸುಮ್ಮನಿರಲಿ. ಆ ಜಾಗ ಬಿಡದಿದ್ದರೆ ಮುಂದಿನ ಸಾಲು ನಗುವಿನ ಮೇಲೆ ಹತ್ತಿ ಕೂರುತ್ತದೆ. ಇನ್ನು ವೇಗದ ಸಮಸ್ಯೆ. 180 ಬಿಪಿಎಂನಲ್ಲಿ ಬೀಟಿಗೆ ಎರಡು ಅಕ್ಷರ ಹಾಡಿದರೆ ಸೆಕೆಂಡಿಗೆ ಆರು ಅಕ್ಷರ. ಕನ್ನಡದಲ್ಲಿ ಬರೆಯುವುದಾದರೆ ಒತ್ತಕ್ಷರ ತುಂಬಿದ ಪದಗಳು ಅಲ್ಲಿ ನಾಲಿಗೆಗೆ ಸಿಕ್ಕಿಹಾಕಿಕೊಳ್ಳುತ್ತವೆ, ಹಾಗಾಗಿ ಮಾತಾಡುವ ಭಾಷೆಯ ಪುಟ್ಟ ಪದಗಳೇ ಒಳ್ಳೆಯದು. ಕೋರಸ್‌ನಲ್ಲಿ ಎಳೆದು ಹಾಡುವ ಸ್ವರ ‘ಆ’ ಅಥವಾ ‘ಓ’ ಆಗಿದ್ದರೆ ಬಾಯಿ ತೆರೆಯುತ್ತದೆ, ದನಿ ಹಾರುತ್ತದೆ. ‘ಈ’ಕಾರದ ಮೇಲೆ ಎತ್ತರದ ಸ್ವರ ಹಿಡಿಯಲು ಹೋದರೆ ಗಂಟಲು ಬಿಗಿಯುತ್ತದೆ.

ಬಡಪಾಯಿಗಳ ಮೇಲೆ, ನಿಜವಾದ ಮಾಜಿ ಪ್ರೇಮಿಗಳ ಮೇಲೆ ಜೋಕ್ ಬೇಡ. ಪಾಪ್ ಪಂಕ್‌ನ ಹಳೆಯ ರೆಕಾರ್ಡ್‌ಗಳಲ್ಲಿ ಹುಡುಗಿಯರನ್ನು ಬೈಯುವ ಸಾಲುಗಳು ಬೇಕಾದಷ್ಟಿವೆ. ಇವತ್ತು ಕೇಳಿದರೆ ಟ್ಯೂನ್ ಚೆನ್ನಾಗಿದ್ದರೂ ಕಿರಿಕಿರಿ ಆಗುತ್ತದೆ, ಅಲ್ವಾ? ನಗೆಪಾಟಲಾಗುವವರು ಹಾಡುವವರೇ ಆಗಿರಲಿ. ಹಾಗೆಯೇ ಈ ವಾರದ ಮೀಮ್ ಬಗ್ಗೆ ಬರೆದ ಸಾಲು ರೆಕಾರ್ಡ್ ಹೊರಬರುವಷ್ಟರಲ್ಲಿ ಯಾರಿಗೂ ನೆನಪಿರುವುದಿಲ್ಲ.

ಹತ್ತರಲ್ಲಿ ಒಂದು ಹಾಡು ಮಾತ್ರ ನಿಜವಾದ ಭಾವದ ಹಾಡಾಗಿರಲಿ. ಜೋಕ್ ಬೇಡ, ಅದೇ ವೇಗ, ಅದೇ ಗಿಟಾರ್. ಕೊನೆಯಿಂದ ಎರಡನೆಯದಾಗಿ ಇಡಿ. ಅಷ್ಟು ಹೊತ್ತಿಗೆ ಕೇಳುವವರು ತಮಾಷೆಗೆ ಸಿದ್ಧರಾಗಿ ಕೂತಿರುತ್ತಾರೆ, ಆ ಹಾಡು ಸೀದಾ ಎದೆಗೆ ತಗಲುತ್ತದೆ. ಇಡೀ ರೆಕಾರ್ಡ್ ಬರೀ ಚೇಷ್ಟೆ ಅನ್ನಿಸಿಕೊಳ್ಳದೆ ಉಳಿಯುವುದು ಬಹಳ ಸಲ ಈ ಒಂದು ಹಾಡಿನಿಂದ.

ಇಪ್ಪತ್ತು ಸೆಕೆಂಡಿನ ಮರಿ ಹಾಡು ಸೇರಿಸುವ ಆಸೆ ಎಲ್ಲರಿಗೂ ಇರುತ್ತದೆ. ಸೇರಿಸಿ, ಒಂದೇ ಒಂದು. ಆದರೆ ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಿದ ಮೇಲೆಯೇ ಅದು ಒಂದು ಪ್ಲೇ ಅಂತ ಲೆಕ್ಕ. ಮರಿ ಹಾಡಿನಿಂದ ಅಲ್ಲಿ ಹೆಚ್ಚೇನೂ ನಿರೀಕ್ಷಿಸಬೇಡಿ. ಅದೇ ಒಂದು ಜೋಕ್ ಅಂದುಕೊಂಡರೆ ಸರಿ.

ಬೇರೆಯವರ ಹಾಡು ಹಾಡುವುದಾದರೆ ಮೆಕ್ಯಾನಿಕಲ್ ಲೈಸೆನ್ಸ್ (ಆ ಹಾಡನ್ನು ಮತ್ತೆ ರೆಕಾರ್ಡ್ ಮಾಡಿ ಹೊರತರುವ ಅನುಮತಿ) ಬೇಕು. ನಿಮ್ಮ ಹಾಡನ್ನು ಸ್ಟ್ರೀಮಿಂಗ್ ಆ್ಯಪ್‌ಗಳಿಗೆ ತಲುಪಿಸುವ ಡಿಸ್ಟ್ರಿಬ್ಯೂಟರ್‌ಗಳಲ್ಲಿ ಕೆಲವರು ಸ್ವಲ್ಪ ಶುಲ್ಕಕ್ಕೆ ಅದನ್ನು ಮಾಡಿಸಿಕೊಡುತ್ತಾರೆ. ಸಾಹಿತ್ಯ ಬದಲಾಯಿಸಿ ಅಣಕು ಹಾಡು ಮಾಡುವುದು ಬೇರೆಯದೇ ವಿಷಯ. ಕಾನೂನು ದೇಶದಿಂದ ದೇಶಕ್ಕೆ ಬದಲಾಗುತ್ತದೆ, ಮೂಲ ಹಕ್ಕುದಾರರ ಒಪ್ಪಿಗೆ ಇಲ್ಲದೆ ಕೈಹಾಕಬೇಡಿ.

4. ಡೆಮೊ

ಗುರಿಗಿಂತ ನಾಲ್ಕು ಹಾಡು ಜಾಸ್ತಿ ಬರೆದು, ಫೋನ್‌ನಲ್ಲಿ ರೆಕಾರ್ಡ್ ಮಾಡಿ, ಹೊರಗಿನ ಒಬ್ಬರಿಗೆ ಕೇಳಿಸಿ, ಸೊರಗಿದ ನಾಲ್ಕನ್ನು ಕಿತ್ತುಹಾಕಿ. ಪ್ರತಿ ಹಾಡಿನ ಸರಿಯಾದ ವೇಗ ಹುಡುಕಲು ಅದನ್ನೇ 5 ಬಿಪಿಎಂ ಮೇಲೆ, 5 ಕೆಳಗೆ ನುಡಿಸಿ ನೋಡಿ. ಎಲ್ಲರಿಗೂ ಜಾಸ್ತಿ ವೇಗವೇ ಇಷ್ಟವಾಗುತ್ತದೆ, ಆದರೆ ಪದಗಳು ಅರ್ಥವಾಗುವ ವೇಗವನ್ನೇ ಆರಿಸಿ. ಪದ ಕೇಳಿಸದಿದ್ದರೆ ಜೋಕೂ ಇಲ್ಲ. ಆಮೇಲೆ ಡ್ರಮ್ಮರ್ ಕ್ಲಿಕ್ (ವೇಗ ಹಿಡಿದಿಡುವ ಟಿಕ್ ಟಿಕ್ ಸದ್ದು) ಹಾಕಿಕೊಂಡು ಎಲ್ಲವನ್ನೂ ಅಭ್ಯಾಸ ಮಾಡಲಿ.

5. ರೆಕಾರ್ಡಿಂಗ್

ದುಡ್ಡು ಕಡಿಮೆ ಇದ್ದರೆ ಅಷ್ಟನ್ನೂ ಡ್ರಮ್ಸ್‌ಗೆ ಸುರಿಯಿರಿ. ಎರಡು ದಿನ ಸ್ಟುಡಿಯೋ ಬಾಡಿಗೆಗೆ ತೆಗೆದುಕೊಂಡು ಎಲ್ಲ ಹಾಡುಗಳ ಡ್ರಮ್ಸ್ ಮುಗಿಸಿ. ಗಿಟಾರ್, ಬೇಸ್, ದನಿ ಎಲ್ಲ ಮನೆಯಲ್ಲಿ ಆಗುತ್ತದೆ. ಹೋಗುವ ಮುಂಚೆ ಕ್ಲಿಕ್, ಒಂದು ಗಿಟಾರ್, ಒಂದು ದನಿ ಇರುವ ಗೈಡ್ ಟ್ರ್ಯಾಕ್‌ಗಳು ತಯಾರಿರಬೇಕು. ಡ್ರಮ್ ಹೆಡ್‌ಗಳು ಹೊಸದಿರಲಿ, ಆದರೆ ಒಂದು ದಿನ ಮೊದಲೇ ಹಾಕಿ ಎಳೆದು ಹೊಂದಿಸಿಡಿ. ಈ ಶೈಲಿಯಲ್ಲಿ ಸ್ನೇರ್ (ಚಟಾರ್ ಅನ್ನುವ ಚಿಕ್ಕ ಡ್ರಮ್) ತಿನ್ನುವ ಏಟು ಜಾಸ್ತಿ, ಪ್ರತಿ ಹಾಡಾದ ಮೇಲೆ ಅದನ್ನು ಮತ್ತೆ ಟ್ಯೂನ್ ಮಾಡಿ.

ಮೈಕ್ ಕಡಿಮೆ ಇದ್ದರೆ ನಾಲ್ಕು ಸಾಕು: ಕಿಕ್‌ಗೆ (ಕಾಲಿನಿಂದ ಹೊಡೆಯುವ ದೊಡ್ಡ ಡ್ರಮ್) ಒಂದು, ಸ್ನೇರ್‌ಗೆ ಒಂದು, ಮೇಲೆ ಎರಡು. ಮೇಲಿನ ಎರಡೂ ಸ್ನೇರ್‌ನ ನಡುಬಿಂದುವಿನಿಂದ ಒಂದೇ ದೂರದಲ್ಲಿರಬೇಕು, ಒಂದು ದಾರ ಹಿಡಿದು ಅಳೆಯಿರಿ. ಹೆಚ್ಚುಕಮ್ಮಿಯಾದರೆ ಎರಡು ಮೈಕ್‌ಗಳ ಅಲೆಗಳು ಒಂದನ್ನೊಂದು ತಿಂದು ಸ್ನೇರ್ ಟೊಳ್ಳಾಗಿ ಕೇಳಿಸುತ್ತದೆ. ರೆಕಾರ್ಡಿಂಗ್ ಎಲ್ಲ 24 ಬಿಟ್‌ನಲ್ಲಿರಲಿ, 44.1 ಅಥವಾ 48 ಕಿಲೋಹರ್ಟ್ಸ್, ಯಾವುದಾದರೂ ಒಂದೇ ಕೊನೆತನಕ. ಜೋರಾದ ಏಟು ಮೀಟರ್‌ನಲ್ಲಿ ಮೈನಸ್ 10 ಡೆಸಿಬೆಲ್ ಸುತ್ತಮುತ್ತ ನಿಂತರೆ ಸಾಕು. ಕೆಂಪು ಮುಟ್ಟಿಸುವ ಚಟ ಬೇಡ.

ಬೇಸ್ ಅನ್ನು ಪಿಕ್‌ನಿಂದ ನುಡಿಸಿ, ಸೀದಾ ಇಂಟರ್‌ಫೇಸ್‌ಗೆ ಹಾಕಿ. ಆಮೇಲೆ ಅದೇ ಟ್ರ್ಯಾಕ್‌ನ ಪ್ರತಿ ಮಾಡಿ ಒಂದನ್ನು ಕ್ಲೀನ್ ಆಗಿ ಬಿಟ್ಟು, ಇನ್ನೊಂದಕ್ಕೆ ಡಿಸ್ಟಾರ್ಷನ್ ಕೊಡಿ. ಗಿಟಾರ್‌ಗಳ ಅಬ್ಬರದಲ್ಲಿ ಬೇಸ್ ಕೇಳಿಸುವುದು ಈ ಎರಡನೆಯದರಿಂದ.

ಗಿಟಾರ್‌ಗೆ ಗೇನ್ (ಡಿಸ್ಟಾರ್ಷನ್‌ನ ಪ್ರಮಾಣ) ನೀವು ಅಂದುಕೊಂಡದ್ದಕ್ಕಿಂತ ಕಡಿಮೆ ಇಡಿ. ಎಡಕ್ಕೊಂದು, ಬಲಕ್ಕೊಂದು ಅಂತ ಒಂದೇ ಭಾಗವನ್ನು ಎರಡು ಸಲ ನಿಜವಾಗಿ ನುಡಿಸಬೇಕು. ಒಂದೇ ಟೇಕ್ ಅನ್ನು ನಕಲು ಮಾಡಿ ಎರಡೂ ಕಡೆ ಹಾಕಿದರೆ ಅದು ನಡುವಿನಲ್ಲಿ ಜೋರಾಗುತ್ತದೆಯೇ ಹೊರತು ಅಗಲವಾಗುವುದಿಲ್ಲ. ಅಗಲ ಹುಟ್ಟುವುದು ಎರಡು ಟೇಕ್‌ಗಳ ನಡುವಿನ ಸಣ್ಣ ಸಣ್ಣ ವ್ಯತ್ಯಾಸದಿಂದ. ಸಾಧ್ಯವಿದ್ದರೆ ಎರಡನೆಯದಕ್ಕೆ ಬೇರೆ ಗಿಟಾರ್ ಎತ್ತಿಕೊಳ್ಳಿ. ಹೆಚ್ಚು ಟ್ರ್ಯಾಕ್ ಹಾಕಿದಷ್ಟೂ ದೊಡ್ಡದಾಗುತ್ತದೆ ಅನ್ನುವುದು ಭ್ರಮೆ, ಎರಡು ಬಿಗಿಯಾದ ಟ್ರ್ಯಾಕ್ ಆರು ಸಡಿಲ ಟ್ರ್ಯಾಕ್‌ಗಿಂತ ದೊಡ್ಡದಾಗಿ ಕೇಳಿಸುತ್ತದೆ. ಪ್ರತಿ ಟೇಕ್‌ಗೂ ಮುಂಚೆ ಶ್ರುತಿ ಮಾಡಿ. ಉತ್ಸಾಹದಲ್ಲಿ ತಂತಿಯನ್ನು ಜೋರಾಗಿ ಒತ್ತಿದರೆ ದಪ್ಪ ತಂತಿಯ ಸ್ವರ ಮೇಲೇರುತ್ತದೆ, ಪವರ್ ಕಾರ್ಡ್‌ಗಳು ಅಪಶ್ರುತಿ ಅನ್ನಿಸುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಆ್ಯಂಪ್‌ಗೆ ಮೈಕ್ ಇಡುವುದಾದರೆ ಶ್ಯೂರ್ ಎಸ್‌ಎಂ57ನಂಥದ್ದನ್ನು ಸ್ಪೀಕರ್‌ನ ನಡುವಿನ ಗುಬ್ಬಿ ಮುಗಿದು ಕೋನ್ ಶುರುವಾಗುವ ಅಂಚಿಗೆ ಇಡಿ. ನಡುವಿಗೆ ತಂದರೆ ದನಿ ಚೂಪಾಗುತ್ತದೆ, ಹೊರಕ್ಕೆ ಸರಿಸಿದರೆ ಮಂಕಾಗುತ್ತದೆ. ಆ್ಯಂಪ್ ಇಲ್ಲದಿದ್ದರೆ ಆ್ಯಂಪ್ ಸಿಮ್ಯುಲೇಟರ್ ಬಳಸಿ, ಯಾರಿಗೂ ಗೊತ್ತಾಗುವುದಿಲ್ಲ. ಹೇಗೆ ಮಾಡಿದರೂ ಕ್ಲೀನ್ ಸಿಗ್ನಲ್‌ನ ಒಂದು ಪ್ರತಿ ಉಳಿಸಿಕೊಳ್ಳಿ, ಆಮೇಲೆ ಸೌಂಡ್ ಬದಲಾಯಿಸಬೇಕು ಅನ್ನಿಸಿದರೆ ಮತ್ತೆ ನುಡಿಸುವ ಗೋಜಿರುವುದಿಲ್ಲ.

ದನಿಗೆ ಒಂದು ಗೇಣಿನಷ್ಟು ದೂರದಲ್ಲಿ ಮೈಕ್, ನಡುವೆ ಪಾಪ್ ಫಿಲ್ಟರ್. ಒಂದು ಹಾಡಿಗೆ ನಾಲ್ಕು ಪೂರ್ತಿ ಟೇಕ್ ತೆಗೆದು, ಒಳ್ಳೆಯ ಸಾಲುಗಳನ್ನು ಆರಿಸಿ ಜೋಡಿಸಿ. ಕೋರಸ್‌ಗಳನ್ನು ಇನ್ನೊಂದು ಸಲ ಹಾಡಿ ಅಡಿಯಲ್ಲಿ ಸೇರಿಸಿ. ಕಿರುಚುವ ಭಾಗಗಳನ್ನು ದಿನದ ಕೊನೆಗೆ ಇಟ್ಟುಕೊಳ್ಳಿ, ಅದಾದಮೇಲೆ ಗಂಟಲು ಬೇರೆ ಯಾವುದಕ್ಕೂ ಬರುವುದಿಲ್ಲ.

ಈ ಶೈಲಿಯ ಅತಿ ದೊಡ್ಡ ಮಜಾ ಗುಂಪಿನ ಕೂಗು. ಇದನ್ನು ಪ್ಲಗಿನ್‌ನಿಂದ ಮಾಡಬೇಡಿ. ನಾಲ್ಕೈದು ಜನರನ್ನು ಕರೆಯಿರಿ, ಒಂದೇ ಮೈಕ್‌ನಿಂದ ಆರೇಳು ಅಡಿ ದೂರ ನಿಲ್ಲಿಸಿ, ನಾಲ್ಕು ಟೇಕ್ ತೆಗೆಯಿರಿ, ಪ್ರತಿ ಟೇಕ್‌ಗೂ ಎಲ್ಲರೂ ಜಾಗ ಬದಲಾಯಿಸಲಿ. ಐದು ಜನ ಇಪ್ಪತ್ತು ಜನರಾಗುತ್ತಾರೆ. ಒಬ್ಬರು ಶ್ರುತಿ ತಪ್ಪಿದರೆ ಚೆನ್ನ, ಇಬ್ಬರು ತಪ್ಪಿದರೆ ಅಲ್ಲಿಗೆ ಹಾಳು. ಟೇಕ್ ಶುರುವಾಗುವ ಮೊದಲೇ ರೆಕಾರ್ಡ್ ಒತ್ತಿ, ಮುಗಿದ ಮೇಲೂ ನಿಲ್ಲಿಸಬೇಡಿ. ಹಾಡುಗಳ ನಡುವೆ ಹಾಕಲು ಬೇಕಾದ ನಗು, ಜಗಳ, ಬೈಗುಳ ಎಲ್ಲ ಅಲ್ಲೇ ಸಿಗುತ್ತದೆ. ಆದರೆ ಇಡೀ ರೆಕಾರ್ಡ್‌ನಲ್ಲಿ ಅಂಥದ್ದು ಎರಡಕ್ಕಿಂತ ಜಾಸ್ತಿ ಇಡಬೇಡಿ. ನಿಮ್ಮ ಒಳಜೋಕುಗಳು ನಿಮಗೆ ಅನ್ನಿಸಿದಷ್ಟು ತಮಾಷೆ ಬೇರೆಯವರಿಗೆ ಅನ್ನಿಸುವುದಿಲ್ಲ, ಇದನ್ನು ಪ್ರೀತಿಯಿಂದಲೇ ಹೇಳುತ್ತಿದ್ದೇನೆ.

6. ಮಿಕ್ಸ್ ಮತ್ತು ಮಾಸ್ಟರ್

ಗಂಭೀರ ಪಂಕ್‌ನಲ್ಲಿ ದನಿ ಗಿಟಾರ್‌ಗಳ ಒಳಗೆ ಸ್ವಲ್ಪ ಮುಳುಗಿದ್ದರೆ ಚೆಂದ. ಇಲ್ಲಿ ಹಾಗಲ್ಲ, ಪ್ರತಿ ಪದವೂ ಮೊದಲ ಸಲ ಕೇಳಿದಾಗಲೇ ತಿಳಿಯಬೇಕು. ಗಿಟಾರ್ ಮತ್ತು ದನಿ ಎರಡೂ 2ರಿಂದ 4 ಕಿಲೋಹರ್ಟ್ಸ್ ನಡುವೆ ಗುದ್ದಾಡುತ್ತವೆ. ಗಿಟಾರ್‌ಗಳಲ್ಲಿ ಆ ಜಾಗವನ್ನು ಒಂದೆರಡು ಡೆಸಿಬೆಲ್ ಇಳಿಸಿ, ದನಿ ತಾನಾಗಿ ಮುಂದೆ ಬರುತ್ತದೆ. ಗಿಟಾರ್‌ನಲ್ಲಿ 80ರಿಂದ 100 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿ, ಅದು ಕಿಕ್ ಮತ್ತು ಬೇಸ್‌ನ ಜಾಗ. ವರ್ಸ್‌ನಲ್ಲಿ ಒಂದೇ ಗಿಟಾರ್, ಕೋರಸ್‌ಗೆ ಎರಡೂ. ಯಾವ ಫೇಡರ್ ಮುಟ್ಟದೆಯೇ ಕೋರಸ್ ದೊಡ್ಡದಾಗುತ್ತದೆ.

ಡ್ರಮ್ಸ್‌ನ ಪ್ರತಿ ಏಟನ್ನೂ ಕಂಪ್ಯೂಟರ್‌ನ ತಾಳದ ಗ್ರಿಡ್‌ಗೆ ಎಳೆದು ಕೂರಿಸಬೇಡಿ, ಕಿವಿಗೆ ಚುಚ್ಚುವುದನ್ನು ಮಾತ್ರ ಸರಿಮಾಡಿ. ಪಿಚ್ ತಿದ್ದುವುದೂ ಅಷ್ಟೇ. ಮನುಷ್ಯರು ಹಾಡುತ್ತಿದ್ದಾರೆ ಅನ್ನುವುದು ಗೊತ್ತಾಗಬೇಕು. ಮಿಕ್ಸ್ ಅನ್ನು ಫೋನ್ ಸ್ಪೀಕರ್‌ನಲ್ಲಿ ಕೇಳಿ ನೋಡಿ. ಬೇಸ್ ಪೂರ್ತಿ ಮಾಯವಾಗಿದ್ದರೆ ಆ ಡಿಸ್ಟಾರ್ಷನ್ ಟ್ರ್ಯಾಕ್ ಸ್ವಲ್ಪ ಎತ್ತಿ. ತಿದ್ದುಪಡಿ ಮೂರು ಸುತ್ತು, ಆಮೇಲೆ ಫೈಲ್ ಮುಚ್ಚಿ.

ಮಾಸ್ಟರಿಂಗ್ (ಮಿಕ್ಸ್ ಆದ ಹಾಡುಗಳಿಗೆ ಕೊಡುವ ಕೊನೆಯ ಹದ) ಅನ್ನು ಮಿಕ್ಸ್ ಮಾಡದ ಇನ್ನೊಬ್ಬರಿಗೆ ಕೊಡಿ. ಸ್ಪಾಟಿಫೈ ಸಾಮಾನ್ಯವಾಗಿ ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಎಷ್ಟು ಜೋರು ಅನ್ನುವ ಅಳತೆ) ಮಟ್ಟಕ್ಕೆ ಎಲ್ಲವನ್ನೂ ಸಮ ಮಾಡಿಬಿಡುತ್ತದೆ. ಹಾಗಂತ ಪಾಪ್ ಪಂಕ್ ಅನ್ನು ಅಷ್ಟು ಮೆತ್ತಗೆ ಮಾಡಬೇಕಿಲ್ಲ, ಮೈನಸ್ 9 ಅಥವಾ 10ರ ಸುತ್ತ ಈ ಶೈಲಿಗೆ ಒಗ್ಗುತ್ತದೆ. ಟ್ರೂ ಪೀಕ್ (ಸಿಗ್ನಲ್‌ನ ಅತಿ ಎತ್ತರದ ತುದಿ) ಮೈನಸ್ 1 ಡೆಸಿಬೆಲ್ ದಾಟದಿರಲಿ. ಹಾಡುಗಳ ನಡುವಿನ ಖಾಲಿ ಜಾಗ ಒಂದು ಸೆಕೆಂಡಿಗಿಂತ ಕಡಿಮೆ ಇಡಿಸಿ, ಒಂದು ಹಾಡು ಮುಗಿದು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಮುಂದಿನದರ ಸ್ಟಿಕ್ ಕೌಂಟ್ ಬರಬೇಕು.

7. ಬಿಡುಗಡೆ

ಕವರ್ ಚಿತ್ರ ಚೌಕವಾಗಿ, ಕನಿಷ್ಠ 3000 ಪಿಕ್ಸೆಲ್ ಅಗಲ ಇರಲಿ. ಹೆಬ್ಬೆರಳಿನಷ್ಟು ಚಿಕ್ಕದಾದಾಗಲೂ ಹೆಸರು ಓದಲು ಬರಬೇಕು. ಪ್ರತಿ ರೆಕಾರ್ಡಿಂಗ್‌ಗೂ ಅದರ ಗುರುತಿಗೆ ಅಕ್ಷರ, ಅಂಕಿ ಸೇರಿ ಒಟ್ಟು 12 ಇರುವ ಐಎಸ್‌ಆರ್‌ಸಿ ಕೋಡ್ ಬೇಕು, ಹೆಚ್ಚಿನ ಡಿಸ್ಟ್ರಿಬ್ಯೂಟರ್‌ಗಳು ಅದನ್ನು ತಾವೇ ಕೊಡುತ್ತಾರೆ. ನಾಲ್ಕು ವಾರ ಮುಂಚೆ ಅಪ್‌ಲೋಡ್ ಮಾಡಿ. ಸ್ಪಾಟಿಫೈನ ಸಂಪಾದಕರ ಪ್ಲೇಲಿಸ್ಟ್‌ಗೆ ಹಾಡು ಕಳಿಸಲು ಬಿಡುಗಡೆಗೆ ಕನಿಷ್ಠ 7 ದಿನ ಮುಂಚೆಯಾದರೂ ಅದು ಅಲ್ಲಿರಬೇಕು, ಅದೂ ಒಂದು ಸಲಕ್ಕೆ ಒಂದೇ ಹಾಡು. ಟ್ಯೂನ್ ಚೆನ್ನಾಗಿರುವುದನ್ನು ಕಳಿಸಿ, ಜೋಕ್ ಜಾಸ್ತಿ ಇರುವುದನ್ನಲ್ಲ.

ದುಡ್ಡಿನ ಬಗ್ಗೆ ಸೀದಾ ಮಾತು. 2024ರಿಂದ ಸ್ಪಾಟಿಫೈನಲ್ಲಿ 12 ತಿಂಗಳಲ್ಲಿ 1,000 ಪ್ಲೇ ಮುಟ್ಟದ ಹಾಡಿಗೆ ರೆಕಾರ್ಡಿಂಗ್ ರಾಯಲ್ಟಿ ಇಲ್ಲ. ಹೊಸ ಸೈಡ್ ಪ್ರಾಜೆಕ್ಟ್‌ನ ಅರ್ಧ ಹಾಡುಗಳು ಅಲ್ಲೇ ನಿಲ್ಲಬಹುದು. ಬ್ಯಾಂಡ್‌ಗಳು ಅಭಿಮಾನಿಗಳಿಗೆ ನೇರವಾಗಿ ಮಾರುವ ಬ್ಯಾಂಡ್‌ಕ್ಯಾಂಪ್ ಸೈಟ್ ಡಿಜಿಟಲ್ ಮಾರಾಟದಲ್ಲಿ 15%, ವಸ್ತುಗಳಲ್ಲಿ 10% ಇಟ್ಟುಕೊಂಡು ಉಳಿದದ್ದನ್ನು ನಿಮಗೆ ಕೊಡುತ್ತದೆ, ಪಾವತಿಯ ಶುಲ್ಕ ಬೇರೆ. ಮುಖ್ಯ ಬ್ಯಾಂಡ್‌ನ ಅಭಿಮಾನಿಗಳಲ್ಲಿ ಕೆಲವರು ಅಲ್ಲಿ ಕೊಳ್ಳುತ್ತಾರೆ, ಮೊದಲ ಕೊಂಡಿ ಅದೇ ಆಗಲಿ.

ವಿನೈಲ್ ಮಾಡುವ ಆಸೆ ಇದ್ದರೆ ನಿಮ್ಮ ಚಿಕ್ಕ ರೆಕಾರ್ಡ್‌ಗೆ ಒಂದು ಅದೃಷ್ಟ ಇದೆ. 12 ಇಂಚಿನ ರೆಕಾರ್ಡ್ 33 ಆರ್‌ಪಿಎಂನಲ್ಲಿ ಒಂದು ಮಗ್ಗುಲಿಗೆ ಸುಮಾರು 18ರಿಂದ 20 ನಿಮಿಷ ಚೆನ್ನಾಗಿ ಹಿಡಿಯುತ್ತದೆ. ನಿಮ್ಮದು 22 ನಿಮಿಷ, ಅಂದರೆ ಮಗ್ಗುಲಿಗೆ 11. ಅಷ್ಟನ್ನು 45 ಆರ್‌ಪಿಎಂನಲ್ಲೇ ಕೊರೆಯಬಹುದು, ಆಗ ಇನ್ನೂ ಜೋರಾಗಿ, ಸ್ಪಷ್ಟವಾಗಿ ಕೇಳಿಸುತ್ತದೆ. ಆದರೆ ಪ್ರೆಸ್ಸಿಂಗ್‌ಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಅದಕ್ಕೆ ಕಾಯಬೇಡಿ, ಡಿಜಿಟಲ್ ಮೊದಲು ಬರಲಿ.

8. ಒಂದು ಶೋ

ಇಡೀ ರೆಕಾರ್ಡ್ ಅನ್ನು ಅದೇ ಕ್ರಮದಲ್ಲಿ, ನಿಲ್ಲಿಸದೆ, 25 ನಿಮಿಷದಲ್ಲಿ ನುಡಿಸಿ ಇಳಿದುಬಿಡಿ. ಹಾಡುಗಳ ನಡುವೆ ಜೋಕ್ ವಿವರಿಸುತ್ತಾ ನಿಲ್ಲಬೇಡಿ. ಮುಖ್ಯ ಬ್ಯಾಂಡ್‌ಗೂ ಅದೇ ರಾತ್ರಿ ಶೋ ಇದ್ದರೆ ಸೈಡ್ ಪ್ರಾಜೆಕ್ಟ್ ಮೊದಲು ಹತ್ತಬೇಕು, ಮತ್ತು ಎರಡೂ ಕಡೆ ಹಾಡುವವರು ಒಬ್ಬರೇ ಆಗಿದ್ದರೆ ಗುಂಪಿನ ಕೂಗನ್ನು ಪೂರ್ತಿ ಉಳಿದವರಿಗೆ ಬಿಡಿ. ಶ್ರುತಿ ಬೇರೆ ಬೇರೆ ಇದ್ದರೆ ಎರಡು ಗಿಟಾರ್ ತನ್ನಿ. ಡ್ರಮ್ಮರ್‌ಗೆ ಎರಡು ಸೆಟ್ ನಡುವೆ ಅರ್ಧ ಗಂಟೆಯಾದರೂ ಬಿಡುವು ಕೊಡಿಸಿ, 180 ಬಿಪಿಎಂನಲ್ಲಿ ಹತ್ತು ಹಾಡು ಹೊಡೆದ ಕೈಗಳಿಂದ ತಕ್ಷಣ ಇನ್ನೊಂದು ಸೆಟ್ ಕೇಳುವುದು ಅನ್ಯಾಯ.